ಸೂಜಿಯ ಗುಣವೋ, ನಂಬಿಕೆಯ ಗುಣವೋ?



ಇಪ್ಪತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಬಂದ ಸೊಂಟನೋವು ನನ್ನದು. ಮಾತ್ರೆ ಹೊಟ್ಟೆಗೆ ಆಗಿಬರಲಿಲ್ಲ. ಈ ಮಳೆಗಾಲದಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಂಡೆ. ಎಂಟು ಸಲ, ಸಲಕ್ಕೆ 400 ರೂಪಾಯಿ. ಕೂದಲೆಳೆಯಂಥ ಸೂಜಿಗಳು, ಚುಚ್ಚಿದರೆ ಇರುವೆ ಕಚ್ಚಿದಷ್ಟು. ಆಮೇಲೆ ಅರ್ಧ ಗಂಟೆ ಬೋರಲು ಮಲಗಿರಬೇಕು. ಐದನೆಯ ಸಲಕ್ಕೆ ನೋವು ಇಳಿಯಿತು. ಈಗ ಬಿದ್ದ ಸೀಮೆಸುಣ್ಣವನ್ನು ನಾನೇ ಬಗ್ಗಿ ಎತ್ತಿಕೊಳ್ಳುತ್ತೇನೆ.

(ಸೊಂಟನೋವೆಂದು ಹೇಳಿಕೊಳ್ಳಲು ನಾಚಬೇಕಿಲ್ಲ. ಸೇಖ ಸುತ್ತದಲ್ಲಿ ಕಪಿಲವಸ್ತುವಿನ ಶಾಕ್ಯರಿಗೆ ಬೋಧಿಸುತ್ತಿದ್ದ ಬುದ್ಧರೇ ಬೆನ್ನು ನೋಯುತ್ತಿದೆ ಎಂದು ಹೇಳಿ, ಮುಂದಿನ ಬೋಧನೆಯನ್ನು ಆನಂದರಿಗೆ ಒಪ್ಪಿಸಿ, ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಮಲಗುತ್ತಾರೆ.)

ತೊಡಕು ಬಂದದ್ದು ಆಮೇಲೆ. ಶಾಲೆಯ ಬಿಸಿಯೂಟದ ಅಡುಗೆಯಕ್ಕ ಕೇಳಿದರು: "ಮೇಡಂ, ಸೂಜಿ ಚುಚ್ಚಿಸ್ಕೊಂಡು ನಿಮಗೆ ವಾಸಿ ಆಯ್ತಂತಲ್ಲ. ನನ್ನ ಸೊಂಟಕ್ಕೂ ಆಗತ್ತಾ?" ಎಂಟು ಸಲಕ್ಕೆ 3200 ರೂಪಾಯಿ. ಅವರ ತಿಂಗಳ ಗೌರವಧನದ ಬಹುಪಾಲು.

"ಆಗತ್ತೆ, ಹೋಗಿ" ಅನ್ನುವುದು ಸುಲಭವಿತ್ತು. ನನಗೆ ನೋವು ಇಳಿದದ್ದಂತೂ ಸುಳ್ಳಲ್ಲ. ಆದರೆ ನಾನು ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ಚೀನೀ ಪದ್ಧತಿ ಹೇಳುವ ಬಿಂದುಗಳಲ್ಲೇ ಸೂಜಿ. ಇನ್ನೊಂದು ಗುಂಪಿಗೆ ಆ ಬಿಂದುಗಳನ್ನು ಬಿಟ್ಟು ಬೇರೆಡೆ, ಮೇಲೆಮೇಲೆ ಚುಚ್ಚಿದ ಸೂಜಿ. ಮೂರನೆಯ ಗುಂಪಿಗೆ ಔಷಧಿ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ! ಹಾಗೆಂದು ವ್ಯರ್ಥ ಎನ್ನುವಂತೆಯೂ ಇಲ್ಲ. ನಂಬಿಕೆ, ಚುಚ್ಚುವವರು ನಮ್ಮ ನೋವನ್ನು ಗಮನವಿಟ್ಟು ಕೇಳುವುದು, ಯಾರೂ ಕರೆಯದ ಆ ಅರ್ಧ ಗಂಟೆ... ನನಗೆ ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೋ.

ಇದನ್ನು ಹೇಳಿದರೆ ಅವರ ನಂಬಿಕೆ ಹೋಗಬಹುದು. ಅದರ ಜೊತೆಗೆ ಆಗಬಹುದಾಗಿದ್ದ ಗುಣವೂ ಹೋಗಬಹುದು. ಹೇಳದಿದ್ದರೆ ನನ್ನ ಅರ್ಧ ಮಾತನ್ನು ನಂಬಿ ಅವರು ದುಡ್ಡು ಕಟ್ಟುತ್ತಾರೆ. ಅಭಯರಾಜಕುಮಾರ ಸುತ್ತದಲ್ಲಿ ಬುದ್ಧರು ಮಾತನ್ನು ಒರೆಗೆ ಹಚ್ಚುವುದು ಮೂರರಿಂದ: ನಿಜವೇ, ಹಿತವೇ, ಕೇಳುವವರಿಗೆ ಪ್ರಿಯವೇ. ನಿಜವೂ ಹಿತವೂ ಆದದ್ದನ್ನು, ಅಪ್ರಿಯವಾದರೂ, ಹೊತ್ತು ನೋಡಿ ಹೇಳುತ್ತಾರೆ. ನಿಜವಾಗಿದ್ದೂ ಹಿತವಲ್ಲದ್ದನ್ನು ಹೇಳುವುದಿಲ್ಲ. ನಾನು ಸಿಕ್ಕಿಬಿದ್ದದ್ದು ಆ 'ಹಿತ'ದಲ್ಲೇ. ಅವರ ಹಿತ ಯಾವುದೆಂದು ತೀರ್ಮಾನಿಸಲು ನಾನ್ಯಾರು? ಇವರಿಗೆ ಇಷ್ಟು ತಿಳಿದರೆ ಸಾಕು ಎಂದುಕೊಳ್ಳುವುದು ಕರುಣೆಯಲ್ಲ, ಓದಿದವರ ಅಹಂಕಾರ ಅನ್ನಿಸಿತು.

ಕೊನೆಗೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಜರ್ಮನಿಯ ಸಂಗತಿಯನ್ನೂ ಸೇರಿಸಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಎಂದೂ ಹೇಳಿದೆ. ಅವರು ನಕ್ಕರು. "ಹಂಗಾದ್ರೆ ಅರ್ಧ ಗಂಟೆ ಮಲಗೋಕೆ ನಾನೂರು ರೂಪಾಯಾ ಮೇಡಂ?"

ಸೂಜಿಗೆ ಹೋಗಲಿಲ್ಲ. ಆಸ್ಪತ್ರೆಗೂ ಇನ್ನೂ ಹೋಗಿಲ್ಲ. ನಿನ್ನೆ ಸಾಂಬಾರಿನ ಪಾತ್ರೆ ಇಳಿಸುವಾಗ ಸೊಂಟ ಹಿಡಿದುಕೊಂಡು ನಿಂತುಬಿಟ್ಟರು. ನಾನು ಹೋಗಿ ಇನ್ನೊಂದು ಬದಿ ಹಿಡಿದೆ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಭಾನುವಾರದ ಅಧ್ಯಯನಕ್ಕೆ ಬಂದಾಗ ಹೇಳಿ.