ಹಿಮಪರ್ವತ ವಿಹಾರವೂ ಶ್ರಾವಕನ ಅಪ್ರಮಾದವೂ

ಹಿಂಸೆ ಎಲ್ಲಿದೆ ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರಗಳಿವೆ. ಕಂದಮೂಲದಲ್ಲಿದೆ, ರಾತ್ರಿಭೋಜನದಲ್ಲಿದೆ, ಸೋಸದ ನೀರಿನಲ್ಲಿದೆ. ಈ ಉತ್ತರಗಳು ಸರಿಯಾದವೇ. ಆದರೆ ಗೃಹಸ್ಥನ ಜೀವನವು ಅಡುಗೆಮನೆಯಲ್ಲಿ ಮುಗಿಯುವುದಿಲ್ಲ. ಅವನ ವ್ಯಾಪಾರ, ಪ್ರಯಾಣ, ವಿನೋದ, ಸ್ನೇಹ ಇವೆಲ್ಲವೂ ವ್ರತದ ಪರಿಧಿಯೊಳಗೆ ಬರತಕ್ಕವು. ಇವುಗಳಲ್ಲಿ ವಿನೋದದ ವಿಷಯವಾಗಿ ನಮ್ಮಲ್ಲಿ ನಡೆದ ವಿಚಾರ ಕಡಿಮೆ. ನಮ್ಮ ಸಮಾಜದ ಮಕ್ಕಳು ಇಂದು ಅಮೆರಿಕ, ಯುರೋಪುಗಳಲ್ಲಿ ನೆಲೆಸಿ, ಅಲ್ಲಿನ ಸ್ನೇಹಿತರೊಡನೆ ಅಲ್ಲಿನ ವಿಹಾರಗಳಲ್ಲಿ ತೊಡಗುತ್ತಿದ್ದಾರೆ. ಆದಕಾರಣ ಅಂಥ ಒಂದು ವಿಹಾರವನ್ನು ಎತ್ತಿಕೊಂಡು ಶ್ರಾವಕಾಚಾರದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಆಲ್ಪ್ಸ್ ಮತ್ತು ರಾಕಿ ಪರ್ವತಗಳಲ್ಲಿ ವಸಂತ ಋತುವಿನ ಸ್ಕೀ ಯಾತ್ರೆ ಬಹಳ ಜನಪ್ರಿಯ. ಯಂತ್ರದ ತೊಟ್ಟಿಲಲ್ಲಿ ಮೇಲೇರಿ, ಸಿದ್ಧಪಡಿಸಿದ ಇಳಿಜಾರಿನಲ್ಲಿ ಜಾರಿ ಬರುವ ಸಾಮಾನ್ಯ ಆಟ ಇದಲ್ಲ. ಇಲ್ಲಿ ಮೂವರೋ ನಾಲ್ವರೋ ಗೆಳೆಯರು ತಮ್ಮ ಕಾಲ ಬಲದಿಂದಲೇ ಪರ್ವತವನ್ನು ಹತ್ತುತ್ತಾರೆ. ಸ್ಕೀ ಹಲಗೆಗಳ ಅಡಿಗೆ ಒಂದು ಬಗೆಯ ರೋಮದ ಪಟ್ಟಿಯನ್ನು ಅಂಟಿಸಿರುತ್ತಾರೆ. ರೋಮದ ವಾಲು ಹಿಂದಕ್ಕೆ ಇರುವುದರಿಂದ ಹಲಗೆ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಂದೆ ಈ ಪಟ್ಟಿಗಳನ್ನು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಈಗಿನವು ನೈಲಾನಿನಿಂದ, ಇಲ್ಲವೆ ಆಡಿನಿಂದ ಕತ್ತರಿಸಿ ತೆಗೆದ ಕೂದಲಿನಿಂದ ಆಗುತ್ತವೆ. ಶಿಖರವನ್ನು ಮುಟ್ಟಿದ ಮೇಲೆ ಪಟ್ಟಿಯನ್ನು ಕಿತ್ತು, ಅದುವರೆಗೆ ಯಾರೂ ತುಳಿಯದ ಹಿಮದ ಮೇಲೆ ಜಾರಿ ಇಳಿಯುತ್ತಾರೆ. ಫ್ರಾನ್ಸಿನ ಶಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗೆ, ಒಂದು ವಸತಿಗೃಹದಿಂದ ಇನ್ನೊಂದಕ್ಕೆ ಸುಮಾರು ಒಂದು ವಾರ ಸಾಗುವ ‘ಓತ್ ರೂಟ್’ ಎಂಬ ದಾರಿ ಇವುಗಳಲ್ಲಿ ಸುಪ್ರಸಿದ್ಧವಾದುದು.

ಇದು ಶ್ರಾವಕನಿಗೆ ತಕ್ಕುದೇ? ಮೊದಲ ಆಕ್ಷೇಪ ಶಾಸ್ತ್ರದಿಂದಲೇ ಏಳುತ್ತದೆ. ಹಿಮವು ಅಪ್ಕಾಯಿಕ ಜೀವಗಳಲ್ಲಿ ಪರಿಗಣಿತವಾಗಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ಭೂಮಿ, ಜಲ, ಅಗ್ನಿ, ವಾಯುಗಳನ್ನು ಬಾಧಿಸುವುದನ್ನು ಮಾತ್ರವಲ್ಲ, ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಪ್ರಮಾದಚರ್ಯೆ ಎಂದಿದ್ದಾರೆ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ‘ಎಲ್ಲರೂ ಹೋಗುತ್ತಾರೆ, ನಾನೂ ಹೋಗುತ್ತೇನೆ’ ಎಂಬುದು ಪ್ರಯೋಜನವಲ್ಲ. ಛಾಯಾಚಿತ್ರ ತೆಗೆಸಿಕೊಂಡು ನಾಲ್ಕು ಜನರಿಗೆ ತೋರಿಸುವುದೂ ಪ್ರಯೋಜನವಲ್ಲ. ಆದರೆ ದೇಹದ ದೃಢತೆ, ಮನಸ್ಸಿನ ಪ್ರಸನ್ನತೆ, ಸಜ್ಜನರ ಸಹವಾಸ ಇವು ಗೃಹಸ್ಥನಿಗೆ ನಿಷಿದ್ಧವಾದ ಪ್ರಯೋಜನಗಳಲ್ಲ. ಸ್ಥಾವರ ಜೀವಗಳ ಬಾಧೆಯನ್ನು ಪೂರ್ಣವಾಗಿ ತ್ಯಜಿಸುವುದು ಮುನಿಧರ್ಮ. ಬೇಕಿಲ್ಲದ ಕಡೆ ಅದನ್ನು ಬಿಡುವುದು ಗೃಹಸ್ಥಧರ್ಮ. ಆದ್ದರಿಂದ ಈ ವಿಹಾರವನ್ನು ಕೇವಲ ಹಿಮದ ಕಾರಣಕ್ಕೆ ತಳ್ಳಿಹಾಕುವುದು ಆತುರವಾದೀತು. ಪ್ರಶ್ನೆ ಇನ್ನೂ ಆಳವಾದುದು. ಅದನ್ನು ಅರಿಯಬೇಕಾದರೆ ವಸಂತದ ಹಿಮದ ಸ್ವಭಾವವನ್ನು ತುಸು ತಿಳಿಯಬೇಕು.

ವಸಂತದಲ್ಲಿ ಹಗಲು ಬಿಸಿಲಿಗೆ ಕರಗಿದ ಹಿಮದ ಮೇಲ್ಪದರವು ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟುತ್ತದೆ. ಮುಂಜಾನೆ ಅದು ಕಲ್ಲಿನಂತೆ ಗಟ್ಟಿಯಾಗಿದ್ದು ಮನುಷ್ಯರ ಭಾರವನ್ನು ತಡೆಯುತ್ತದೆ. ಹೊತ್ತೇರಿದಂತೆ ಮೇಲ್ಪದರ ಮೃದುವಾಗಿ ಜಾರುವುದಕ್ಕೆ ಬಹಳ ಹಿತವಾಗುತ್ತದೆ. ಇನ್ನೂ ಸ್ವಲ್ಪ ಹೊತ್ತಾದರೆ ನೀರು ಒಳಗೆ ಇಳಿದು ಪದರಗಳ ಹಿಡಿತ ಸಡಿಲವಾಗುತ್ತದೆ. ಹಿತವಾದ ಹೊತ್ತಿಗೂ ಅಪಾಯದ ಹೊತ್ತಿಗೂ ನಡುವೆ ಇರುವ ಅವಧಿ ಅಲ್ಪ. ಆದುದರಿಂದಲೇ ಬಲ್ಲವರು ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನಕ್ಕೆ ಮುನ್ನ ಇಳಿದುಬಿಡುತ್ತಾರೆ. ರಾತ್ರಿ ಮೋಡ ಮುಸುಕಿ ಹಿಮ ಹೆಪ್ಪುಗಟ್ಟದಿದ್ದರೆ ಅಂದು ಹೊರಡುವುದೇ ಇಲ್ಲ.

ಹಿಮಕುಸಿತದಲ್ಲಿ ಹುದುಗಿದವನನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದರೆ ಬಹಳ ಕಡಿಮೆ. ಅಷ್ಟರೊಳಗೆ ಊರಿನಿಂದ ಸಹಾಯ ಬರುವುದು ದುರ್ಲಭ. ಪ್ರತಿಯೊಬ್ಬನೂ ರೇಡಿಯೋ ಸಂಕೇತ ಕೊಡುವ ಪುಟ್ಟ ಯಂತ್ರ, ಶೋಧಿಸುವ ಉದ್ದ ಕೋಲು, ಸಲಿಕೆ ಈ ಮೂರನ್ನು ಒಯ್ಯುತ್ತಾನೆ. ಆದರೆ ನನ್ನ ಸಲಿಕೆ ನನ್ನನ್ನು ಉಳಿಸಲಾರದು. ಅದು ಉಳಿಸುವುದು ನನ್ನ ಗೆಳೆಯನನ್ನು. ನಾನು ಉಳಿಯುವುದು ಅವನ ಸಲಿಕೆಯಿಂದ. ಪರಸ್ಪರ ಉಪಕಾರವೇ ಜೀವಗಳ ಕಾರ್ಯವೆಂದು ತತ್ತ್ವಾರ್ಥಸೂತ್ರವು ಹೇಳಿರುವುದು ಅಲ್ಲಿ ಉಪದೇಶವಾಗಿ ಉಳಿಯದೆ ಪ್ರತ್ಯಕ್ಷ ಸಂಗತಿಯಾಗುತ್ತದೆ. ‘ನನ್ನ ಪ್ರಾಣ ನನ್ನದು, ಅಪಾಯವೂ ನನ್ನದು’ ಎಂಬ ಮಾತು ಆ ಇಳಿಜಾರಿನಲ್ಲಿ ಸತ್ಯವಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಹಾರಿಗಳು ಮಡಿದ ಹಿಮಕುಸಿತಗಳಲ್ಲಿ ಬಹುಪಾಲು ತಾವಾಗಿ ಬಿದ್ದವಲ್ಲ. ಮಡಿದವರ ಅಥವಾ ಅವರ ಜೊತೆಗಾರರ ಭಾರದಿಂದಲೇ ಜಾರಿದವು. ಆದುದರಿಂದ ಇದನ್ನು ದೈವದ ಮೇಲೆ ಹೊರಿಸುವಂತಿಲ್ಲ. ಕರ್ತೃತ್ವದ ಪ್ರಶ್ನೆ ಇಲ್ಲಿದೆ.

2013ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಲವ್‌ಲೆಂಡ್ ಕಣಿವೆದಾರಿಯ ಬಳಿ ಆರು ಮಂದಿ ಹಿಮಕುಸಿತಕ್ಕೆ ಸಿಕ್ಕರು. ಐವರು ಮಡಿದರು. 1962ರಿಂದೀಚೆಗೆ ಆ ರಾಜ್ಯದಲ್ಲಿ ಇಷ್ಟು ಪ್ರಾಣಗಳನ್ನು ತೆಗೆದುಕೊಂಡ ಹಿಮಕುಸಿತ ಬೇರೊಂದಿರಲಿಲ್ಲ. ಅವರು ಅನುಭವವಿಲ್ಲದವರಲ್ಲ. ಅಂದಿನ ಅಪಾಯದ ಸೂಚನೆ ಅವರಿಗೆ ತಿಳಿದಿತ್ತು. ಅಪಾಯದ ಇಳಿಜಾರಿನ ಬುಡವನ್ನು ಅಂತರವಿಟ್ಟು ದಾಟಿ, ಮರಗಳ ಗುಂಪೊಂದನ್ನು ಸೇರಿಕೊಳ್ಳುವುದು ಅವರ ಯೋಜನೆಯಾಗಿತ್ತು. ಅಂತರ ಸಾಲಲಿಲ್ಲ, ಆರೂ ಮಂದಿ ಒಂದೇ ಹೊತ್ತಿನಲ್ಲಿ ಅಪಾಯದ ವ್ಯಾಪ್ತಿಯೊಳಗಿದ್ದರು. ಹಿಮಪರ್ವತಗಳಲ್ಲಿ ಸುರಕ್ಷತೆಯ ಅರಿವನ್ನು ಬೆಳೆಸುವುದೂ ಅಂದಿನ ಕೂಟದ ಉದ್ದೇಶಗಳಲ್ಲಿ ಒಂದಾಗಿತ್ತು. 2018ರ ಏಪ್ರಿಲ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಪಿನ್ಯ್ ದಾರೊಲ್ಲ ಪರ್ವತದ ಬಳಿ ಹದಿನಾಲ್ಕು ಮಂದಿ ಬಿರುಗಾಳಿಗೆ ಸಿಕ್ಕಿ ರಾತ್ರಿಯನ್ನು ಬಯಲಿನಲ್ಲೇ ಕಳೆದರು. ಏಳು ಮಂದಿ ಮಡಿದರು. ವಸತಿಗೃಹವು ಅಲ್ಲಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿತ್ತು.

ಮಡಿದವರನ್ನು ದೂಷಿಸುವುದು ನಮ್ಮ ಕೆಲಸವಲ್ಲ. ಅಂಥದೇ ನಿರ್ಧಾರಗಳನ್ನು ಮಾಡಿ ಸುಖವಾಗಿ ಮನೆಗೆ ಮರಳಿದವರು ಅಸಂಖ್ಯರು. ನಾನು ಓದುಗರ ಗಮನವನ್ನು ಸೆಳೆಯಬಯಸುವುದು ಈ ಮರಳಿದವರ ಕಡೆಗೆ. ಅವರು ನಿರ್ದೋಷಿಗಳೇ?

ಲೌಕಿಕ ದೃಷ್ಟಿಯಲ್ಲಿ ಹೌದು, ಏನೂ ಆಗಲಿಲ್ಲವಲ್ಲ! ಜೈನ ದೃಷ್ಟಿಯಲ್ಲಿ ಹಾಗಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಸ್ಪಷ್ಟಗೊಳಿಸಿದ್ದಾರೆ. ಎಚ್ಚರದಿಂದ ನಡೆಯುವವನಿಂದ ಆಕಸ್ಮಿಕವಾಗಿ ಜೀವವೊಂದು ಹೋದರೂ ಅದು ಹಿಂಸೆಯಲ್ಲ. ಎಚ್ಚರಗೇಡಿಯ ವಿಷಯದಲ್ಲಿ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ಅವನಿಗಿಂತ ಮುಂದೆ ಓಡುತ್ತಿರುತ್ತದೆ ಎಂಬುದು ಅವರ ಅಭಿಪ್ರಾಯ. ಪರ್ವತವನ್ನು ಬಲ್ಲ ಇಂದಿನ ಶಿಕ್ಷಕರೂ ಸ್ವತಂತ್ರವಾಗಿ ಇದೇ ಮಾತಿಗೆ ಬಂದಿದ್ದಾರೆ. ಇಳಿಜಾರು ಇಂದು ಕುಸಿಯಲಿಲ್ಲ ಎಂಬುದು ನಿರ್ಧಾರ ಸರಿಯಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲವೆಂದು ಅವರು ಬೋಧಿಸುತ್ತಾರೆ. ವ್ಯಾಪಾರಿಗಳಾದ ನಮಗೆ ಇದು ಹೊಸದಲ್ಲ. ಆಧಾರವಿಲ್ಲದೆ ಕೊಟ್ಟ ಸಾಲ ಈ ವರ್ಷ ವಸೂಲಾಯಿತೆಂದರೆ ಸಾಲ ಕೊಟ್ಟ ಕ್ರಮ ಸರಿಯಾಯಿತೆಂದು ಅರ್ಥವಲ್ಲ. ಲಾಭವೇ ಅಲ್ಲಿ ಕೆಟ್ಟ ಗುರು. ಅದು ಮುಂದಿನ ವರ್ಷ ಇಮ್ಮಡಿ ಸಾಲ ಕೊಡಿಸುತ್ತದೆ.

ಹಾಗಾದರೆ ಅಪ್ರಮಾದಕ್ಕೆ ಉಪಾಯವೇನು? ನಮ್ಮ ಗುಣವ್ರತಗಳಲ್ಲೇ ಅದು ಇದೆ. ದಿಗ್ವ್ರತದಲ್ಲಿ ಶ್ರಾವಕನು ಜೀವನಪರ್ಯಂತ ದಿಕ್ಕುಗಳ ಮೇರೆಯನ್ನು ಕಟ್ಟಿಕೊಳ್ಳುತ್ತಾನೆ; ದೇಶವ್ರತದಲ್ಲಿ ಗೊತ್ತಾದ ಕಾಲಕ್ಕೆ ಗೊತ್ತಾದ ಮೇರೆಯನ್ನು ಕಟ್ಟಿಕೊಳ್ಳುತ್ತಾನೆ. ಇವುಗಳ ಮರ್ಮವಿರುವುದು ಮೇರೆಯನ್ನು ಮೊದಲೇ, ಆಸೆ ಕೆರಳುವ ಮುನ್ನವೇ ಗೊತ್ತುಮಾಡುವುದರಲ್ಲಿ. ಸ್ಕೀ ಯಾತ್ರೆಯ ವಿವೇಕಿಗಳೂ ಹಿಂದಿನ ರಾತ್ರಿಯೇ ಕುಳಿತು, ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗಬೇಕು, ಎಷ್ಟು ಕಡಿದಾದ ಇಳಿಜಾರನ್ನು ಮುಟ್ಟಬಾರದು ಎಂದು ಗೊತ್ತುಮಾಡುತ್ತಾರೆ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಆಗುವುದರಿಂದ ಈ ಮೇರೆ ಕಲ್ಪಿತವಲ್ಲ, ಅಳೆಯಬಹುದಾದುದು.

ದಿಗ್ವ್ರತದ ಅತಿಚಾರಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ, ಅಂದರೆ ಮೇಲ್ದಿಕ್ಕಿನ ಮೇರೆಯನ್ನು ಮೀರುವುದು. ಶಿಖರ ನೂರು ಗಜ ದೂರವಿರುವಾಗ ಗಡಿಯಾರ ಹನ್ನೊಂದು ತೋರಿಸಿದರೆ ಪರೀಕ್ಷೆ ಇರುವುದು ಅಲ್ಲೇ. ಕ್ಷೇತ್ರವೃದ್ಧಿ ಎಂದರೆ ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆಗೆ ಸೇರಿಸಿ ಮೇರೆಯನ್ನು ಹಿಗ್ಗಿಸುವುದು: ‘ನಿನ್ನೆ ಬೇಗ ಇಳಿದೆವಲ್ಲ, ಇಂದು ಅರ್ಧ ಗಂಟೆ ಹೆಚ್ಚಾದರೇನು?’ ಸ್ಮೃತ್ಯಂತರಾಧಾನವೆಂದರೆ ಕಟ್ಟಿಕೊಂಡ ಮೇರೆಯನ್ನೇ ಮರೆಯುವುದು. ಹೊಳೆಯುವ ಹಿಮದ ಮುಂದೆ ಇದು ಬಹಳ ಸುಲಭ. ದೇಶವ್ರತದ ಅತಿಚಾರಗಳಲ್ಲಿ ಪ್ರೇಷ್ಯಪ್ರಯೋಗವೂ ಒಂದು. ತಾನು ಮೇರೆಯೊಳಗಿದ್ದು ಇನ್ನೊಬ್ಬನನ್ನು ಆಚೆಗೆ ಕಳುಹಿಸುವುದು. ‘ನೀನು ಮುಂದೆ ಹೋಗಿ ನೋಡು, ಹಿಮ ಗಟ್ಟಿಯಿದ್ದರೆ ನಾವು ಬರುತ್ತೇವೆ’ ಎನ್ನುವವನು ಇದನ್ನು ನೆನೆಯಬೇಕು.

ಎಲ್ಲಕ್ಕಿಂತ ಕಠಿಣವಾದುದು ಅನುಮೋದನೆಯ ಪ್ರಶ್ನೆ. ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳಿಂದಲೂ ಕರ್ಮ ಬರುತ್ತದೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು 1972ರಿಂದ 2003ರವರೆಗಿನ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದರು. ಪರಿಚಿತ ಸ್ಥಳವೆಂಬ ಧೈರ್ಯ, ಹಿಡಿದ ಗುರಿಯನ್ನು ಬಿಡಲಾಗದ ಹಟ, ಗುಂಪಿನಲ್ಲಿ ಬಲ್ಲವನೆನಿಸಿಕೊಂಡವನ ಮೇಲಿನ ಕುರುಡು ನಂಬಿಕೆ, ಇತರರ ಮೆಚ್ಚುಗೆಯ ಆಸೆ ಇವು ತಿಳಿದವರನ್ನೂ ಅಪಾಯಕ್ಕೆ ಎಳೆಯುವ ಬಲೆಗಳೆಂದು ಅವರು ತೋರಿಸಿದರು. ಇವೆಲ್ಲ ನಾವು ಕಷಾಯವೆಂದು ಕರೆಯುವುದರ ನೆರಳುಗಳೇ; ಮಾನ ಮತ್ತು ಲೋಭ ಅಲ್ಲಿ ಸ್ಪಷ್ಟವಾಗಿವೆ. ಹಣ ತೆತ್ತು, ರಜೆ ಪಡೆದು, ಇಷ್ಟು ದೂರ ಬಂದ ಮೇಲೆ ‘ಹಿಂತಿರುಗೋಣ’ ಎನ್ನಲು ಗೆಳೆಯರ ನಡುವೆ ಯಾರಿಗೂ ನಾಲಗೆ ಏಳುವುದಿಲ್ಲ. ಪ್ರತಿಯೊಬ್ಬನಿಗೂ ಒಳಗೊಳಗೆ ಅಳುಕು. ಪ್ರತಿಯೊಬ್ಬನೂ ಇನ್ನೊಬ್ಬನ ಮೌನವನ್ನು ಒಪ್ಪಿಗೆಯೆಂದು ಭಾವಿಸುತ್ತಾನೆ. ಆ ಮೌನ ಸೌಜನ್ಯವಲ್ಲ, ಅನುಮೋದನೆ. ಆದುದರಿಂದಲೇ ಅನೇಕ ತಂಡಗಳಲ್ಲಿ ಒಂದು ನಿಯಮವಿದೆ: ಯಾರಾದರೊಬ್ಬರು, ಅತ್ಯಂತ ಕಿರಿಯನೇ ಆಗಲಿ, ಬೇಡವೆಂದರೆ ಎಲ್ಲರೂ ಹಿಂತಿರುಗತಕ್ಕದ್ದು, ಅವನನ್ನು ಹಾಸ್ಯ ಮಾಡಕೂಡದು. ಸ್ನೇಹಕ್ಕೆ ಇದಕ್ಕಿಂತ ಶ್ರೇಷ್ಠವಾದ ಲಕ್ಷಣವನ್ನು ನಾನು ಕಾಣೆ.

ಮೂಕಪ್ರಾಣಿಗಳ ಮಾತನ್ನೂ ಮರೆಯಲಾಗದು. ಚಳಿಗಾಲವಿಡೀ ಅಲ್ಪಾಹಾರದಲ್ಲಿ ಜೀವ ಹಿಡಿದ ಪರ್ವತದ ಕಾಡುಮೇಕೆಗಳೂ ಹಿಮದ ಕೋಳಿಗಳೂ ಮನುಷ್ಯರನ್ನು ಕಂಡು ಬೆದರಿ ಓಡಿದರೆ ಉಳಿದಿದ್ದ ಶಕ್ತಿಯನ್ನು ವ್ಯಯಿಸುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಇವುಗಳಿಗಾಗಿ ಪ್ರವೇಶವನ್ನು ನಿರ್ಬಂಧಿಸಿದ ಶಾಂತಿವಲಯಗಳಿದ್ದು ನಕ್ಷೆಗಳಲ್ಲಿ ಗುರುತಾಗಿವೆ. ಅದನ್ನು ನೋಡದೆ ಹೊರಡುವ ಜೈನನು ಯಾವ ಮುಖದಿಂದ ಈರ್ಯಾಸಮಿತಿಯನ್ನು ಕೊಂಡಾಡಬಲ್ಲನು?

‘ಇಷ್ಟೆಲ್ಲ ಏಕೆ? ಹೋಗಬೇಡವೆಂದರೆ ಸಾಲದೇ?’ ಎಂದು ಹಿರಿಯರು ಕೇಳಬಹುದು. ಹೋಗದೇ ಇರುವುದನ್ನು ಆರಿಸಿಕೊಂಡವನು ಧನ್ಯ. ಆದರೆ ಬರಿಯ ನಿಷೇಧ ವಿವೇಕವನ್ನು ಕಲಿಸದು; ಪರ್ವತವನ್ನು ಬಿಟ್ಟವನು ಅದೇ ಪ್ರಮಾದವನ್ನು ಹೆದ್ದಾರಿಗೆ ಒಯ್ಯುತ್ತಾನೆ. ತೀರ್ಥಂಕರರಲ್ಲಿ ಇಪ್ಪತ್ತು ಮಂದಿ ಮುಕ್ತರಾದ ಸಮ್ಮೇದ ಶಿಖರಕ್ಕೆ ನಾವೇ ಬಸ್ಸುಗಳನ್ನು ಹೊರಡಿಸುತ್ತೇವೆ. ನಿದ್ದೆಯಿಲ್ಲದ ಚಾಲಕನನ್ನು ‘ಬೆಳಗಿನ ಅಭಿಷೇಕಕ್ಕೆ ಮುಟ್ಟಿಸು’ ಎಂದು ಅವಸರಪಡಿಸುವವರು ಕೆಲವರು. ತಿಳಿದೂ ಸುಮ್ಮನೆ ಕುಳಿತಿರುವವರು ಹಲವರು. ಬಸ್ಸು ಕ್ಷೇಮವಾಗಿ ತಲುಪಿದರೂ ಆ ರಾತ್ರಿಯ ಲೆಕ್ಕ ತೀರುವುದಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ಯಾತ್ರೆಗೆ ಮುನ್ನ ಹೊರಡುವ ಹೊತ್ತು, ತಂಗುವ ಸ್ಥಳ, ಚಾಲಕನ ವಿಶ್ರಾಂತಿ ಇವುಗಳ ಮೇರೆಯನ್ನು ಬರೆದಿಟ್ಟು, ಯಾತ್ರಿಕರಲ್ಲಿ ಯಾರೊಬ್ಬರಿಗಾದರೂ ‘ನಿಲ್ಲಿಸಿ’ ಎನ್ನುವ ಅಧಿಕಾರ ಕೊಡಲಿ. ಹೊರದೇಶದಲ್ಲಿರುವ ಮಕ್ಕಳು ಪರ್ವತಕ್ಕೆ ಹೊರಟಾಗ ತಂದೆತಾಯಿಗಳು ‘ಜೋಪಾನ’ ಎಂದಷ್ಟೇ ಹೇಳದೆ, ‘ಎಷ್ಟು ಗಂಟೆಗೆ ಹಿಂತಿರುಗುವ ಮೇರೆ ಕಟ್ಟಿಕೊಂಡಿದ್ದೀಯೆ? ಬೇಡವೆನ್ನುವ ಗೆಳೆಯ ನಿಮ್ಮಲ್ಲಿ ಯಾರು?’ ಎಂದು ಕೇಳಲಿ. ಉತ್ತರ ಸಿದ್ಧವಾಗಿದ್ದರೆ ಆ ಮಗನು ಅಥವಾ ಮಗಳು ಅಣುವ್ರತದ ದಾರಿಯಲ್ಲೇ ಇದ್ದಾರೆಂದು ತಿಳಿಯಬಹುದು.