ಎದ್ದ ಮಗಳಿಗೆ ಊಟ

ವೇದಭಾಗ: ಮಾರ್ಕ 5:21–24, 35–43



ಸಭಾಮಂದಿರದ ಅಧಿಕಾರಿಯಾದ ಯಾಯಿರನ ಮನೆಯಲ್ಲಿ ನಡೆದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಹನ್ನೆರಡು ವರುಷದ ಮಗಳು ಮರಣಸಂಕಟದಲ್ಲಿದ್ದಳು. ಕರ್ತನು ದಾರಿಯಲ್ಲಿರುವಾಗಲೇ ಆಕೆ ತೀರಿಹೋದಳೆಂಬ ಸುದ್ದಿ ಬಂತು. ಮನೆಯಲ್ಲಿ ಗೋಳಾಡುವವರು ಕೂಡಿದ್ದರು. ಆತನು ಅವರೆಲ್ಲರನ್ನು ಹೊರಡಿಸಿ, ತಂದೆತಾಯಿಗಳನ್ನೂ ಮೂವರು ಶಿಷ್ಯರನ್ನೂ ಕರಕೊಂಡು ಒಳಗೆ ಹೋಗಿ, ಹುಡುಗಿಯ ಕೈಹಿಡಿದು ಎಬ್ಬಿಸಿದನು. ಇಷ್ಟನ್ನು ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳೂ ತಡೆಯಿಲ್ಲದೆ ಹೇಳುವರು. ಆದರೆ ಆ ಅಧ್ಯಾಯದ ಕಟ್ಟಕಡೆಯಲ್ಲಿರುವ ಒಂದು ಚಿಕ್ಕ ಅಪ್ಪಣೆಯನ್ನು ಅನೇಕರು ಓದಿಯೂ ಓದದವರಂತೆ ದಾಟಿಹೋಗುತ್ತಾರೆ. ಎದ್ದು ನಡೆದಾಡುತ್ತಿದ್ದ ಆ ಹುಡುಗಿಗೆ ಉಣ್ಣಲು ಏನಾದರೂ ಕೊಡಬೇಕೆಂದು ಕರ್ತನು ಹೇಳಿದನು.

ಇದನ್ನು ಸ್ವಲ್ಪ ನಿಂತು ಆಲೋಚಿಸೋಣ. ಸತ್ತವಳು ಬದುಕಿದ್ದನ್ನು ಕಂಡು ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಹೆತ್ತ ತಾಯಿಗೂ ಒಲೆಯ ನೆನಪಿಲ್ಲ. ಎಷ್ಟು ಹೊತ್ತಿನಿಂದ ಆ ಮಗುವಿನ ಹೊಟ್ಟೆಗೆ ಒಂದು ತುತ್ತು ಬಿದ್ದಿರಲಿಲ್ಲವೋ! ಅದನ್ನು ನೆನಸಿದವನು ಕರ್ತನೊಬ್ಬನೇ. ಪ್ರಾಣವನ್ನು ತಿರಿಗಿ ಕೊಟ್ಟಾತನು ಅದೇ ಮಾತಿನಿಂದ ಹೊಟ್ಟೆಯನ್ನೂ ತುಂಬಿಸಲಾರದೆ ಇದ್ದನೋ? ಹಾಗಲ್ಲ. ಮನುಷ್ಯರಿಂದ ಆಗದ ಕೆಲಸವನ್ನು ತಾನು ಮಾಡಿ, ಮನುಷ್ಯರಿಂದ ಆಗತಕ್ಕದ್ದನ್ನು ಮನುಷ್ಯರ ಕೈಗೇ ಬಿಡುವದು ಆತನ ಪದ್ಧತಿ. ಲಾಜರನ ಸಮಾಧಿಯ ಕಲ್ಲನ್ನು ಅಲ್ಲಿ ಕೂಡಿದವರೇ ತೆಗೆಯಬೇಕಾಯಿತು; ಮೈಗೆ ಸುತ್ತಿದ ಬಟ್ಟೆಗಳನ್ನು ಅವರೇ ಬಿಚ್ಚಬೇಕಾಯಿತು. ಹಾಗೆಯೇ ಇಲ್ಲಿ ರೊಟ್ಟಿ ಕೊಡುವ ಕೆಲಸ ಮನೆಯವರ ಪಾಲಿಗೆ ಬಂತು.

ಈ ಅಪ್ಪಣೆಯನ್ನು ಈ ತಿಂಗಳು ಎತ್ತಿಕೊಂಡದ್ದಕ್ಕೆ ಕಾರಣವುಂಟು. ಊಟ, ಶುಚಿತ್ವ, ಮಕ್ಕಳ ಪೋಷಣೆ ಇವುಗಳ ಕುರಿತು ಸರಕಾರದವರು ಊರೂರಿಗೆ ಬಂದು ತಿಳುವಳಿಕೆ ಕೊಡುತ್ತಾರೆ. 2018ನೆಯ ಇಸವಿಯ ಮಾರ್ಚಿ 8ರಂದು ರಾಜಸ್ಥಾನದ ಝುಂಝುನು ಎಂಬಲ್ಲಿ ಪೋಷಣ ಅಭಿಯಾನವೆಂಬ ದೊಡ್ಡ ಕಾರ್ಯವು ಆರಂಭವಾಯಿತು. ಆ ವರುಷದಿಂದ ಸಪ್ಟಂಬರ ತಿಂಗಳನ್ನು ಪೋಷಣ ಮಾಸವೆಂದು ಆಚರಿಸುತ್ತಾ ಬಂದಿದ್ದಾರೆ. ಗೋಡೆಗಳಿಗೆ ಚಿತ್ರಗಳನ್ನು ಅಂಟಿಸುತ್ತಾರೆ, ಮಕ್ಕಳಿಂದ ಮೆರವಣಿಗೆ ಮಾಡಿಸುತ್ತಾರೆ, ಸೊಪ್ಪು ಕಾಳುಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತಾರೆ. ನಮ್ಮ ಸಭೆಯವರೂ ಹೋಗಿ ನೋಡಿ, ಚಪ್ಪಾಳೆ ತಟ್ಟಿ ಬರುತ್ತಾರೆ. ಮನೆಗೆ ಬಂದ ಮೇಲೆ ಗಡಿಗೆಯಲ್ಲಿ ಏನೂ ಬದಲಾಗುವದಿಲ್ಲ. ಯಾಕೆಂದು ಕೇಳಿದರೆ, ಅದು ಸರಕಾರದ ಕೆಲಸ, ಲೋಕದ ಕೆಲಸ; ಸಭೆಗೆ ಸಂಬಂಧಪಟ್ಟದ್ದು ಆತ್ಮದ ಕೆಲಸ ಎಂಬ ಉತ್ತರ ಬರುತ್ತದೆ. ಯಾಯಿರನ ಮನೆಯಲ್ಲಿ ಕೊಡಲ್ಪಟ್ಟ ಅಪ್ಪಣೆಯನ್ನು ಲೋಕದ ಕೆಲಸವೆನ್ನಲಿಕ್ಕೆ ಯಾರಿಗೆ ಧೈರ್ಯವುಂಟು?

ಆಕೆ ಹನ್ನೆರಡು ವರುಷದವಳೆಂದು ಮಾರ್ಕನು ಬರೆದಿಟ್ಟಿದ್ದಾನೆ. ಆ ಪ್ರಾಯದ ಹುಡುಗಿ ನಮ್ಮ ಮನೆಗಳಲ್ಲಿ ಯಾವಾಗ ಉಣ್ಣುತ್ತಾಳೆ? ಸಭೆಯ ಮನೆಗಳನ್ನು ಸಂದರ್ಶಿಸುವಾಗ ನಾವು ಕಂಡದ್ದನ್ನೇ ಹೇಳುತ್ತೇವೆ. ಮೊದಲು ಯಜಮಾನನಿಗೂ ಬಂದ ನೆಂಟರಿಗೂ ಬಡಿಸುತ್ತಾರೆ. ಉಪದೇಶಿ ಬಂದಿದ್ದರೆ ಅವನಿಗೆ ಎಲ್ಲರಿಗಿಂತ ಹೆಚ್ಚಾಗಿ ಬಡಿಸುತ್ತಾರೆ. ಆ ಮೇಲೆ ಗಂಡುಮಕ್ಕಳು. ಸಾರಿನಲ್ಲಿದ್ದ ಕಾಳೆಲ್ಲಾ ಅಷ್ಟರಲ್ಲಿ ತೀರಿರುತ್ತದೆ. ಕಡೆಗೆ ತಾಯಿಯೂ ಹೆಣ್ಣುಮಕ್ಕಳೂ ಒಲೆಯ ಬಳಿಯಲ್ಲಿ ಕೂತು, ಉಳಿದ ಅನ್ನವನ್ನೋ ಮುದ್ದೆಯನ್ನೋ ನೀರುಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮೀನು ತಂದ ದಿವಸ, ಮೊಟ್ಟೆ ಬೇಯಿಸಿದ ದಿವಸ ಈ ಭೇದವು ಇನ್ನೂ ಚೆನ್ನಾಗಿ ಕಾಣುತ್ತದೆ. ಇದರಲ್ಲಿ ಹಗೆಯೇನೂ ಇಲ್ಲ. ತಾಯಿ ತಾನಾಗಿಯೇ ಹಾಗೆ ಮಾಡುತ್ತಾಳೆ, ಅವಳ ತಾಯಿಯೂ ಮಾಡಿದ್ದಳು. ಆದರೆ ಹಗೆಯಿಲ್ಲದ ರೂಢಿಯೂ ರಕ್ತವನ್ನು ಹೀರಬಲ್ಲದು.

ಇದು ಮಾತಿನ ಅಲಂಕಾರವಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರುಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತ ಕಡಿಮೆಯಾದವರೆಂದು ಕಂಡುಬಂತು. ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ಪ್ರಾಯಕ್ಕೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಈ ಎರಡು ಲೆಕ್ಕಗಳೂ ಒಂದೇ ಗಡಿಗೆಯಿಂದ ಹುಟ್ಟಿದವುಗಳು. ಹನ್ನೆರಡು ಹದಿಮೂರನೆಯ ವರುಷದಲ್ಲಿ ಹುಡುಗಿಯ ಎಲುಬು ಬೆಳೆಯುತ್ತದೆ, ತಿಂಗಳು ತಿಂಗಳಿಗೆ ರಕ್ತ ಹೋಗಲು ತೊಡಗುತ್ತದೆ. ಕಬ್ಬಿಣದ ಸತ್ವವುಳ್ಳ ಆಹಾರವು ಆಗಲೇ ಹೆಚ್ಚಾಗಿ ಬೇಕು. ಅದು ಸಿಕ್ಕದೆ ಬೆಳೆದವಳು ಮದುವೆಯಾಗಿ ಬಸುರಿಯಾಗುತ್ತಾಳೆ. ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಹೇಳಿ ಹಿರಿಯ ಹೆಂಗಸರು ಆಗಲೂ ಅವಳ ಊಟವನ್ನು ತಗ್ಗಿಸುತ್ತಾರೆ. ಸೋತ ತಾಯಿಗೆ ಸಣ್ಣ ಕೂಸು ಹುಟ್ಟುತ್ತದೆ. ಅದಕ್ಕೆ ಮೊದಲ ಹಾಲನ್ನು ಕೊಡದೆ, ಅದು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ದೇವರು ಕೂಸಿನ ರೋಗನಿವಾರಣೆಗಾಗಿ ಮೊದಲ ಹೊತ್ತಿನಲ್ಲಿಯೇ ಸಿದ್ಧಮಾಡಿಟ್ಟ ಆ ಹಳದಿ ಹಾಲನ್ನು ಹುಟ್ಟಿದ ಒಂದು ತಾಸಿನೊಳಗೆ ಕೊಡತಕ್ಕದ್ದು. ಆರು ತಿಂಗಳ ವರೆಗೆ ತಾಯಿಹಾಲಲ್ಲದೆ ನೀರು ಕೂಡಾ ಬೇಡ.

ಮನೆಯ ಯಜಮಾನರೇ, ಇದಕ್ಕೆ ಹಣ ಬೇಕೆಂದು ಹೇಳಬೇಡಿರಿ. ನೂರು ಗ್ರಾಮು ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗಿಂತಲೂ ಹೆಚ್ಚು ಸುಣ್ಣದ ಸತ್ವವುಂಟು. ಬಿಳಿ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆದರೂ ನಾಲ್ಕು ಕಾಸು ಕೈಯಲ್ಲಿ ಆಡಿದ ಕೂಡಲೇ ರಾಗಿ ಬಡವರ ಕೂಳೆಂದು ಅದನ್ನು ಬಿಟ್ಟು, ಬೆಳ್ಳಗೆ ತಿಕ್ಕಿದ ಅಕ್ಕಿಯನ್ನು ಕೊಳ್ಳುವ ಮನೆಗಳನ್ನು ನಾವು ಬಲ್ಲೆವು. ಬೇಲಿಯಲ್ಲಿ ನುಗ್ಗೆ ಇದೆ. ಕಾಯಿ ಸಂತೆಗೆ ಹೋಗುತ್ತದೆ, ಸೊಪ್ಪು ಉದುರಿ ಒಣಗುತ್ತದೆ. ಹುರುಳಿಯನ್ನು ಎತ್ತಿಗೆ ಬೇಯಿಸುವವರು ಮಗಳಿಗೂ ಬೇಯಿಸಲಿ. ಕರಾವಳಿಯವರಿಗೆ ಬೂತಾಯಿ ಮೀನು ಉಂಟು. ಮೆತ್ತಗೆ ಬೆಂದ ಅದರ ಸಣ್ಣ ಮುಳ್ಳುಗಳು ಸಹ ಎಲುಬಿಗೆ ಬಲ. ಸೊಪ್ಪು ಕಾಳುಗಳನ್ನು ಉಂಡು ಕೂಡಲೇ ಚಹಾ ಕಾಫಿಗಳನ್ನು ಕುಡಿದರೆ ಅವುಗಳಲ್ಲಿರುವ ಕಬ್ಬಿಣದ ಸತ್ವವು ಮೈಗೆ ಹತ್ತುವದಿಲ್ಲ. ಊಟದ ಸಂಗಡ ಸ್ವಲ್ಪ ಲಿಂಬೇಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಇನ್ನೊಂದು ಸಂಗತಿ. ಊಟಕ್ಕೆ ಮುಂಚೆ ಸ್ತೋತ್ರ ಹೇಳುವದು ನಮ್ಮ ಮನೆಗಳ ಒಳ್ಳೇ ಪದ್ಧತಿ. ಆದರೆ ಗಂಡಸರು ಕೂತಾಗ ಒಂದು ಸಾರಿ ಸ್ತೋತ್ರವಾಗುತ್ತದೆ. ಹೆಂಗಸರು ಕೂಡ್ರುವ ಹೊತ್ತಿಗೆ ಸ್ತೋತ್ರವೂ ಮುಗಿದಿರುತ್ತದೆ, ಕಾಳೂ ಮುಗಿದಿರುತ್ತದೆ. ಹೆಂಡತಿಯೂ ಹೆಣ್ಣುಮಕ್ಕಳೂ ಬಂದು ಕೂತು, ಎಲ್ಲರ ತಟ್ಟೆಗಳಿಗೂ ಸಮನಾಗಿ ಬಿದ್ದ ಮೇಲೆ ಯಜಮಾನನು ಸ್ತೋತ್ರ ಹೇಳಲಿ.

ಶುಚಿತ್ವದ ವಿಷಯದಲ್ಲಿ ನಮ್ಮವರಲ್ಲಿ ಕೆಲವರು ವೇದವನ್ನೇ ಅಡ್ಡ ತರುವದುಂಟು. ಕೈ ತೊಳೆಯದೆ ಉಣ್ಣುವದರಿಂದ ಮನುಷ್ಯನು ಹೊಲೆಯಾಗುವದಿಲ್ಲವೆಂದು ಕರ್ತನೇ ಫರಿಸಾಯರಿಗೆ ಹೇಳಲಿಲ್ಲವೋ ಎನ್ನುತ್ತಾರೆ. ಮಾರ್ಕ 7ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿರಿ. ಕೈ ತೊಳೆದದ್ದರಿಂದಲೇ ದೇವರ ಮುಂದೆ ಶುದ್ಧರಾದೆವೆಂದು ನೆನಸಿ, ಮುಪ್ಪಾದ ತಂದೆತಾಯಿಗಳನ್ನು ಕೈಬಿಟ್ಟವರನ್ನು ಆತನು ಗದರಿಸಿದನು. ಪಾಪವು ನೀರಿನಿಂದ ಹೋಗದು ಎಂಬದು ಒಂದು ಮಾತು. ಮಲವು ನೀರೂ ಸಾಬೂನೂ ಇಲ್ಲದೆ ಹೋಗದು ಎಂಬದು ಬೇರೆ ಮಾತು. ಪಾಳೆಯದ ಹೊರಗೆ ಹೋಗುವವನು ಗುದ್ದಲಿಯನ್ನು ಕೊಂಡುಹೋಗಿ ಅಗೆದು ಮುಚ್ಚಬೇಕೆಂದು ಮೋಶೆಯ ಮುಖಾಂತರ ಆಜ್ಞಾಪಿಸಿದವನು ಅದೇ ದೇವರಲ್ಲವೋ (ಧರ್ಮೋಪದೇಶಕಾಂಡ 23:12–14)? 1847ರಲ್ಲಿ ವಿಯೆನ್ನಾ ಪಟ್ಟಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿರುವದನ್ನು ಕಂಡು, ಸೆಮ್ಮೆಲ್ವೈಸ್ ಎಂಬ ವೈದ್ಯನು, ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಯಿಂದಲೇ ವೈದ್ಯರು ಹೆರಿಗೆ ಮಾಡಿಸುವದು ಇದಕ್ಕೆ ಕಾರಣವೆಂದು ತಿಳಿದು, ಮದ್ದುನೀರಿನಲ್ಲಿ ಕೈ ತೊಳೆಯಲು ಕಟ್ಟುಮಾಡಿದನು. ಸಾವುಗಳು ಬೇಗನೆ ತಗ್ಗಿದವು. ಆದರೆ ಅನೇಕ ಪಂಡಿತರಿಗೆ ಕೋಪ ಬಂತು. ನಮ್ಮ ಕೈ ಹೊಲಸೆಂದು ಹೇಳಲಿಕ್ಕೆ ಇವನಾರು ಎಂದರು. ಆ ಗರ್ವವು ಪಂಡಿತರಲ್ಲಿ ಮಾತ್ರ ಇರುವದೆಂದು ತಿಳಿಯಬೇಡಿರಿ. ಪಾಯಿಖಾನೆಗೆ ಹೋಗಿ ಬಂದ ಮೇಲೆ, ಕೂಸಿನ ಮಲ ತೆಗೆದ ಮೇಲೆ, ಅಡಿಗೆ ಮಾಡುವದಕ್ಕೂ ಉಣ್ಣಿಸುವದಕ್ಕೂ ಮುಂಚೆ, ಸಾಬೂನಿನಿಂದ ಎರಡೂ ಕೈಗಳನ್ನು ತೊಳೆಯಬೇಕು. ಬರಿಗಾಲಿನಲ್ಲಿ ಹೊಲಸು ನೆಲವನ್ನು ತುಳಿಯುವವರ ಅಂಗಾಲಿನಿಂದಲೇ ಕೊಕ್ಕೆಹುಳವು ಒಳಗೆ ಸೇರಿ, ನಾವು ಕಷ್ಟಪಟ್ಟು ಉಣ್ಣಿಸಿದ ರಕ್ತವನ್ನು ಕರುಳಿನಲ್ಲಿ ಕೂತು ಕುಡಿಯುತ್ತದೆ.

ಭೇದಿಯ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿ ಹೇಳಬೇಕು. ಯಾಕಂದರೆ ಇಲ್ಲಿ ಒಂದು ರಾತ್ರಿಯ ತಪ್ಪಿನಿಂದ ಮಕ್ಕಳು ಹೋಗುತ್ತಾರೆ. ಮಗುವಿಗೆ ಭೇದಿ ಹಿಡಿದ ಕೂಡಲೇ ನೀರು ಕೊಟ್ಟರೆ ಇನ್ನೂ ಹೋಗುವದೆಂದು ಬಾಯಿ ಕಟ್ಟುವ ಮನೆಗಳುಂಟು. ಇದು ವಿಪರೀತ. ಮಗುವನ್ನು ಕೊಲ್ಲುವದು ಹೆಚ್ಚಾಗಿ ಮೈಯ ನೀರೂ ಉಪ್ಪೂ ಬತ್ತಿಹೋಗುವದೇ. 1971ರಲ್ಲಿ ಪೂರ್ವ ಬಂಗಾಳದ ಯುದ್ಧಕ್ಕೆ ಹೆದರಿ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ತುಂಬಿದ್ದಾಗ ವಾಂತಿಭೇದಿಯ ರೋಗ ಎದ್ದಿತು. ನರಕ್ಕೆ ಏರಿಸುವ ಮದ್ದು ಸಾಲದೆ ಹೋಯಿತು. ಆಗ ದಿಲೀಪ ಮಹಲನಬೀಸ್ ಎಂಬ ವೈದ್ಯನು ಉಪ್ಪು, ಸೋಡಾ, ಗ್ಲೂಕೋಸು ಇವುಗಳನ್ನು ಅಳತೆಯಾಗಿ ನೀರಿಗೆ ಕಲಸಿ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಲೋಟ ಲೋಟವಾಗಿ ಕುಡಿಸುವಂತೆ ಮಾಡಿದನು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅಲ್ಲಿ ಪ್ರಾಣ ಉಳಿಸಿದವರು ನೆಲದಲ್ಲಿ ಕೂತು ಕುಡಿಸಿದ ತಾಯಂದಿರೂ ಅಣ್ಣತಮ್ಮಂದಿರೂ ಅಲ್ಲವೋ?

ಈ ಪುಡಿಯ ಪೊಟ್ಟಣವನ್ನು ಓಆರ್‌ಎಸ್ ಎಂದು ಕರೆಯುತ್ತಾರೆ. ಆಶಾ ಕಾರ್ಯಕರ್ತೆಯರ ಬಳಿಯಲ್ಲಿಯೂ ಆರೋಗ್ಯ ಕೇಂದ್ರದಲ್ಲಿಯೂ ಕೇಳಿ ತಕ್ಕೊಳ್ಳಿರಿ. ಪೊಟ್ಟಣ ಇಲ್ಲದ ರಾತ್ರಿಯಲ್ಲಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹಾದ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಬೇಕು. ಉಪ್ಪು ಹೆಚ್ಚಾಗಬಾರದು. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಲೇ ಇರಬೇಕು. ಮೊಲೆಹಾಲನ್ನೂ ಗಂಜಿಯನ್ನೂ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು ಮೂತ್ರ ನಿಂತರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಪ್ರಾರ್ಥನೆಗೆ ಸಭೆಯ ಹಿರಿಯರನ್ನು ಕರೆಯಿರಿ, ಬೇಡವೆನ್ನುವದಿಲ್ಲ; ಬಂದ ಹಿರಿಯರು ಪ್ರಾರ್ಥಿಸುತ್ತಾ ಇರಲಿ, ತಾಯಿ ಕುಡಿಸುತ್ತಾ ಇರಲಿ.

ಅಂಗನವಾಡಿಗಳ ಕುರಿತು ಒಂದು ಮಾತು. ಈ ಕೆಲಸವು ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ 2ರಂದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಮೊದಲಾಯಿತು. ಬಸುರಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಒಂದು ಹೊತ್ತಿನ ಪೂರ್ಣ ಊಟ ಬಡಿಸುವ ಮಾತೃಪೂರ್ಣವೆಂಬ ಏರ್ಪಾಡು 2017ರ ಅಕ್ಟೋಬರ 2ರಂದು ರಾಜ್ಯದಲ್ಲೆಲ್ಲಾ ಆರಂಭವಾಯಿತು. ಸಣ್ಣ ಮಕ್ಕಳನ್ನು ತೂಗಿ ಬರೆದಿಡುವದು ಅಲ್ಲಿಯ ಪದ್ಧತಿ. ತೂಗಿದರೆ ದೃಷ್ಟಿಯಾಗುತ್ತದೆಂಬ ಹಳೆಯ ಹೆದರಿಕೆ ಕ್ರೈಸ್ತರ ಮನೆಯಲ್ಲಿ ಏಕೆ ಇರಬೇಕು? ಇದಕ್ಕಿಂತ ದುಃಖಕರವಾದದ್ದು ಬೇರೆ ಇದೆ. ಅಡಿಗೆ ಮಾಡುವವಳು ಯಾವ ಜಾತಿಯವಳೆಂದು ಕೇಳಿ, ಮಕ್ಕಳನ್ನು ಊಟಕ್ಕೆ ಕಳುಹಿಸದ ಊರುಗಳುಂಟು. ಈ ಅವಮಾನದ ಕಹಿಯನ್ನು ತಲೆತಲಾಂತರದಿಂದ ಕುಡಿದು, ಸುವಾರ್ತೆಯ ಮೂಲಕ ತಲೆ ಎತ್ತಿದವರ ಮಕ್ಕಳು ನಮ್ಮ ಸಭೆಗಳಲ್ಲಿ ಎಷ್ಟೋ ಮಂದಿ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಲ್ಲಿ ಪಾಲುಗಾರರಾಗಿ, ಸೋಮವಾರ ಆ ಅಡಿಗೆಯವಳ ಕೈ ಅನ್ನಕ್ಕೆ ಮೂಗು ಮುರಿಯುವವನು ನಮ್ಮಲ್ಲಿ ಒಬ್ಬನಿದ್ದರೂ, ಅವನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು ಮೊಣಕಾಲೂರಿ ಓದಲಿ.

ಕಡೆಯದಾಗಿ, ಗಡಿಗೆಯೇ ಬರಿದಾಗಿರುವ ಮನೆಗಳ ವಿಷಯ. 1876ರಿಂದ 1878ರ ವರೆಗಿನ ಮಹಾ ಕ್ಷಾಮವನ್ನು ನಮ್ಮ ಹಿರಿಯರು ಹೇಳಿ ಅಳುತ್ತಿದ್ದರು. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನವು 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಬಳ್ಳಾರಿ ಆಗ ಮದ್ರಾಸು ಆಧಿಪತ್ಯಕ್ಕೆ ಸೇರಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು, ಪರಿಹಾರದ ಕೆಲಸದಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಕೊಂಚ ಕಾಸೂ ಸಾಕೆಂದು ಗೊತ್ತುಮಾಡಿಸಿದನು. ಒಂದು ಪೌಂಡೆಂದರೆ ಸುಮಾರು 450 ಗ್ರಾಮು. ಮದ್ರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಶನು, ದುಡಿಯುವ ಮೈಗೆ ಇದು ಸಾಲದೆಂದು ಬಲವಾಗಿ ಎದುರು ಹೇಳಿದನು. ಒಬ್ಬನು ಎಷ್ಟು ಕಡಿಮೆ ಕೊಟ್ಟರೆ ಸಾಕೆಂದು ಲೆಕ್ಕ ಹಾಕಿದನು; ಇನ್ನೊಬ್ಬನು ಎಷ್ಟು ಕೊಟ್ಟರೆ ಮನುಷ್ಯನು ನಿಲ್ಲುವನೆಂದು ಲೆಕ್ಕ ಹಾಕಿದನು. ಸಭೆಯ ಬಡವರ ಚೀಟಿಯನ್ನು ಬರೆಯುವ ಹಿರಿಯರು ತಾವು ಇವರಲ್ಲಿ ಯಾರ ಲೇಖಣಿಯನ್ನು ಹಿಡಿದಿದ್ದೇವೆಂದು ನೋಡಿಕೊಳ್ಳಲಿ.

ಬರ ಬರುವದೆಂದು ಅಗಬನು ತಿಳಿಸಿದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೂಡಿಸಿ ಯೂದಾಯದ ಸಹೋದರರಿಗೆ ಕಳುಹಿಸಿದರು (ಅಪೊಸ್ತಲರ ಕೃತ್ಯಗಳು 11:27–30). ಈಗ ಮಿಜೋರಾಮೆನ್ನಿಸುವ ಬೆಟ್ಟಸೀಮೆಯ ಕ್ರೈಸ್ತ ಹೆಂಗಸರು 1910ರಲ್ಲಿ, ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಕರ್ತನ ಕೆಲಸಕ್ಕಾಗಿ ತೆಗೆದಿಡುವ ಪದ್ಧತಿಯನ್ನು ಆರಂಭಿಸಿದರು. ಬಡ ಹೆಂಗಸರ ಆ ಹಿಡಿ ಅಕ್ಕಿಯಿಂದ ಎಷ್ಟೋ ಸುವಾರ್ತಿಕರಿಗೆ ಸಂಬಳ ನಡೆಯಿತು. ನಮ್ಮ ಸಭೆಗಳಲ್ಲಿಯೂ ಹೀಗೆ ಕಾಣಿಕೆ ತರುವ ತಾಯಂದಿರಿದ್ದಾರೆ. ಆ ಧಾನ್ಯವನ್ನೆಲ್ಲಾ ಹರಾಜು ಹಾಕಿ ಹಣ ಮಾಡುವದಕ್ಕಿಂತ ಒಂದು ಪಾಲನ್ನು ಚೀಲದಲ್ಲಿಯೇ ಉಳಿಸಿಕೊಳ್ಳುವದು ಒಳ್ಳೇದು. ರಾಗಿಯ ಸಂಗಡ ಹಿಡಿ ಬೇಳೆಯನ್ನೂ ಹುರುಳಿಯನ್ನೂ ತರಿರಿ. ಬರಿ ಅಕ್ಕಿ ಹೊಟ್ಟೆ ತುಂಬಿಸುವದೇ ಹೊರತು ಮಗುವನ್ನು ಬೆಳೆಸದು. ಕೊಡುವಾಗ ದೇವಾಲಯದ ಮುಂದೆ ಹೆಸರು ಕೂಗಿ ಕೊಡಬೇಡಿರಿ. ವಿಧವೆಯ ಮನೆಗೂ, ಕೂಲಿ ತಪ್ಪಿದವನ ಮನೆಗೂ, ಬಾಣಂತಿಯ ಮನೆಗೂ ಸಭೆಯ ಹಿರಿಯ ಹೆಂಗಸೊಬ್ಬಳು ದೀಪ ಹಚ್ಚುವ ಹೊತ್ತಿನಲ್ಲಿ ನೆಂಟಳಂತೆ ಹೋಗಿ ಇಟ್ಟು ಬರಲಿ. ಹೋದಾಗ ಒಲೆ ಹೊತ್ತಿದೆಯೋ, ಮನೆಯ ಹುಡುಗಿ ಉಂಡಳೋ ಎಂದು ಕೂಡಾ ವಿಚಾರಿಸಲಿ.