ನಕ್ಷತ್ರಗಳನ್ನು ಅರಿಯುವದು ತಕ್ಕದ್ದೋ?

ಪಂಚಾಂಗವನ್ನೂ ಜಾತಕವನ್ನೂ ಬಿಟ್ಟುಬಂದ ನಾವು ನಕ್ಷತ್ರಗಳ ಹೆಸರುಗಳನ್ನು ಕಲಿಯಬಹುದೋ ಎಂಬ ಸಂದೇಹವು ಸಭೆಯವರಲ್ಲಿ ಕೆಲವರಿಗುಂಟು. ಬಿಟ್ಟ ದಾರಿಗೆ ತಿರಿಗಿ ಹೋದಂತಾದೀತೆಂದು ಅವರು ಅಂಜುತ್ತಾರೆ. ಈ ಸಂದೇಹವು ಭಕ್ತಿಯಿಂದ ಹುಟ್ಟಿದ್ದಾದಕಾರಣ ಅದನ್ನು ಹಾಸ್ಯಮಾಡಬಾರದು. ಆದರೂ ಶೋಧಿಸಿ ನೋಡತಕ್ಕದ್ದು.

ಮೋಶೆಯ ಧರ್ಮಶಾಸ್ತ್ರವು ನಿಷೇಧಿಸಿದ್ದು ಆಕಾಶದ ಜ್ಯೋತಿಗಳಿಗೆ ಅಡ್ಡಬಿದ್ದು ಸೇವೆಮಾಡುವದನ್ನು, ಅವುಗಳನ್ನು ಅರಿತುಕೊಳ್ಳುವದನ್ನಲ್ಲ. ತೆಕೋವದ ಕುರಿಗಾಹಿಗಳಲ್ಲೊಬ್ಬನಾದ ಆಮೋಸನು ಕೃತ್ತಿಕೆಯನ್ನೂ ಮೃಗಶಿರವನ್ನೂ ಹೆಸರು ಹಿಡಿದು ಹೇಳಿ, ಅವುಗಳನ್ನು ಉಂಟುಮಾಡಿದಾತನ ಕಡೆಗೆ ಜನರನ್ನು ತಿರುಗಿಸಿದನು.

ನಮ್ಮ ರೈತರಿಗೂ ಈ ಹೆಸರುಗಳು ಹೊಸವಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಂದು ಲೆಕ್ಕವಿಟ್ಟು ಬಿತ್ತುತ್ತೇವೆ. ಆದರೆ ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿ ನಕ್ಷತ್ರವು ಕಾಣಿಸದು; ಯಾಕಂದರೆ ಸೂರ್ಯನು ಆಗ ಅದರ ದಿಕ್ಕಿನಲ್ಲಿಯೇ ಇರುವನು. ಹೀಗೆ ಹೆಸರನ್ನು ಬಲ್ಲ ಅನೇಕರು ನಕ್ಷತ್ರವನ್ನು ಕಂಡವರಲ್ಲ.

ಅದನ್ನು ಕಾಣಬೇಕಾದರೆ ಜನವರಿ ತಿಂಗಳಿನಲ್ಲಿ, ಚಂದ್ರನಿಲ್ಲದ ರಾತ್ರಿ, 8 ಗಂಟೆಯ ಹೊತ್ತಿಗೆ ದೀಪಗಳಿಂದ ದೂರವಾಗಿ ಹೊಲಕ್ಕೆ ಹೋಗಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವದಕ್ಕೆ 20 ನಿಮಿಷವಾದರೂ ಬೇಕು, ಅವಸರಪಡಬೇಡಿರಿ. ಪೂರ್ವದಲ್ಲಿ ಎತ್ತರವಾಗಿ ಮೂರು ನಕ್ಷತ್ರಗಳು ಒಂದೇ ಸಾಲಾಗಿ ಹತ್ತಿರ ಹತ್ತಿರ ನಿಂತಿರುವವು. ನಮ್ಮ ಸತ್ಯವೇದದಲ್ಲಿ ಮೃಗಶಿರವೆಂದು ಹೇಳಿರುವ ಗುಂಪಿನ ನಡು ಅದೇ. ಆ ಸಾಲನ್ನು ಕೆಳಕ್ಕೆ ಹಿಡಿದುಹೋದರೆ ನಕ್ಷತ್ರಗಳಲ್ಲೆಲ್ಲಾ ಹೆಚ್ಚು ಪ್ರಕಾಶವುಳ್ಳ ಲುಬ್ಧಕವೂ, ಮೇಲಕ್ಕೆ ಹೋದರೆ ಕೆಂಪಾದ ರೋಹಿಣಿಯೂ, ಅದರಾಚೆ ಸಣ್ಣ ಗೊಂಚಲಿನಂತಿರುವ ಕೃತ್ತಿಕೆಯೂ ಸಿಕ್ಕುವವು. ಮಿನುಗದೆ ಸ್ಥಿರವಾಗಿ ಬೆಳಗುವದು ಗ್ರಹವೆಂದು ತಿಳಿಯಿರಿ. ಮೊದಲನೆಯ ರಾತ್ರಿಗೆ ಇಷ್ಟು ಸಾಕು. ಮರುದಿನ ಅದೇ ನಕ್ಷತ್ರವು ಸುಮಾರು 4 ನಿಮಿಷ ಮುಂಚಿತವಾಗಿ ಮೂಡುವದು. ಯಾರ ಮೇಲಣ ಕೋಪದಿಂದಲೂ ದಯೆಯಿಂದಲೂ ಆ ಕ್ರಮವು ತಪ್ಪದು.

ಈ ಕಲಿಕೆಯಿಂದ ಆತ್ಮಕ್ಕೆ ಪ್ರಯೋಜನವೇನು? ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಯು ಮಾವನಿಗೆ ಕೇಡೆಂಬ ಭಯವು ಕ್ರೈಸ್ತರ ಮನೆಗಳಲ್ಲಿಯೂ ಗುಟ್ಟಾಗಿ ಉಳಿದಿರುವದುಂಟು. ಬಾಯಿಂದ ಅದನ್ನು ಅಲ್ಲಗಳೆದವರೇ ಮದುವೆಯ ಮಾತು ಬಂದಾಗ ಹಿಂಜರಿಯುವರು. ಅಂಥವರು ಜುಲೈ ತಿಂಗಳಿನಲ್ಲಿ ಮೋಡ ಚೆದರಿದ ರಾತ್ರಿ, ದಕ್ಷಿಣದಲ್ಲಿ ಕೊಂಡಿಯಂತೆ ಬಾಗಿರುವ ಚೇಳಿನ ಬಾಲವನ್ನು ನೋಡಲಿ. ಮೂಲೆಯು ಅದರ ತುದಿಯಲ್ಲಿದೆ. ಅಲ್ಲಿ ಹೊಳೆಯುವ ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟುವದಕ್ಕೆ 400 ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯುವದು. ಆ ಬೆಳಕು ಹೊರಟಾಗ ಆ ಹುಡುಗಿಯ ಮುತ್ತಜ್ಜನೂ ಹುಟ್ಟಿರಲಿಲ್ಲ. ಅವಳು ಹುಟ್ಟಿದ ದಿನ ಚಂದ್ರನು ಆ ಕಡೆಯಾಗಿ ಹಾದುಹೋದನೆಂಬದಷ್ಟೇ ಆ ಮಾತಿನ ಅರ್ಥ; ಸುಮಾರು 27 ದಿನಗಳಿಗೊಮ್ಮೆ ಅವನು ಹಾಗೆಯೇ ಹಾದುಹೋಗುತ್ತಾನೆ. ಇದರಲ್ಲಿ ಮಗುವಿನ ತಪ್ಪೇನು?

ನಕ್ಷತ್ರವನ್ನು ಕಾಣದೆ ಅದಕ್ಕೆ ಹೆದರುವದು ದಾಸತ್ವ. ಹೆದರಿ ಅದನ್ನು ನೋಡದಿರುವದೂ ದಾಸತ್ವವೇ. ಆದರೆ ಅರಿವು ಮಾತ್ರ ಯಾರನ್ನೂ ಬಿಡಿಸದು. ಲೋಕದ ನಿಂದೆಗೆ ಅಂಜುವವನು ಎಲ್ಲವನ್ನೂ ತಿಳಿದ ಮೇಲೆಯೂ ಆ ಹುಡುಗಿಯನ್ನು ಬೇಡವೆಂದಾನು. ಆದಕಾರಣ ಪ್ರಿಯರೇ, ಮಕ್ಕಳನ್ನು ಕರಕೊಂಡು ಅಂಗಳಕ್ಕೆ ಬಂದು ನಕ್ಷತ್ರಗಳನ್ನು ತೋರಿಸಿರಿ, ಉಂಟುಮಾಡಿದಾತನನ್ನು ಸ್ತುತಿಸಿರಿ, ಅವುಗಳ ಹೆಸರಿನಿಂದ ಯಾವ ಹೆಣ್ಣುಮಗುವಿಗೂ ನಿಮ್ಮ ಮನೆಯ ಬಾಗಿಲನ್ನು ಮುಚ್ಚಬೇಡಿರಿ.